ಕ್ರಿಸ್ಟೀನ್ ಸಿಂಕ್ಲೇರ್ ಅವರ 190 ಗೋಲುಗಳ ಲೆಕ್ಕ: ಏನು ಸೇರುತ್ತದೆ, ಏನು ಸೇರುವುದಿಲ್ಲ?

ಪ್ರಶ್ನೆ: ಮೈದಾನದಂಚು

ಎಲ್ಲರಿಗೂ ನಮಸ್ಕಾರ. ನಿವೃತ್ತರಾದ ಕೆನಡಾದ ಫುಟ್‌ಬಾಲ್ ಆಟಗಾರ್ತಿ ಕ್ರಿಸ್ಟೀನ್ ಸಿಂಕ್ಲೇರ್ ಬಗ್ಗೆ ಕನ್ನಡದಲ್ಲಿ ಒಂದು ಪರಿಚಯ ಲೇಖನ ಬರೆಯುತ್ತಿದ್ದೇನೆ. ಹುಟ್ಟಿದ್ದು 1983ರ ಜೂನ್ 12, ಬ್ರಿಟಿಷ್ ಕೊಲಂಬಿಯಾದ ಬರ್ನಬಿ. ದೇಶದ ಪರವಾಗಿ 331 ಪಂದ್ಯ, 190 ಗೋಲು. ಗಂಡಸರು, ಹೆಂಗಸರು ಎರಡೂ ಕಡೆ ಸೇರಿಸಿದರೂ ಇದೇ ವಿಶ್ವದಾಖಲೆ. ಇಷ್ಟರ ಮಟ್ಟಿಗೆ ಗೊಂದಲವಿಲ್ಲ. ಕೋಷ್ಟಕ ಹಾಕಲು ಕೂತಾಗ ಮಾತ್ರ ಕೆಲವು ಕಡೆ ಕೈ ನಿಲ್ಲುತ್ತಿದೆ.

ಒಂದು, ಒಲಿಂಪಿಕ್ಸ್ ಗೋಲುಗಳು ಈ 190ರೊಳಗೆ ಬರುತ್ತವೆಯೇ? ಗಂಡಸರ ಲೆಕ್ಕದಲ್ಲಿ ಅವನ್ನು ಹೊರಗಿಡುತ್ತಾರಲ್ಲ. ಅಂಡರ್-19 ಗೋಲುಗಳ ಕಥೆ ಏನು?

ಎರಡು, "ಅರ್ಧ ಗೋಲು ಪುಟ್ಟ ದ್ವೀಪಗಳ ಮೇಲೆ ಹೊಡೆದದ್ದು" ಅನ್ನುವ ಮಾತು ಪ್ರತಿ ಚರ್ಚೆಯಲ್ಲೂ ಬರುತ್ತದೆ. ನಮ್ಮ ಛೆಟ್ರಿ ಸಂಖ್ಯೆಯ ಪಕ್ಕದಲ್ಲಿ ಇದನ್ನು ಇಡಬಹುದೇ?

ಮೂರು, ಕ್ಲಬ್ಬುಗಳ ಪಟ್ಟಿಯಲ್ಲಿ 2005ರಿಂದ 2009ರವರೆಗೆ ದೊಡ್ಡ ಖಾಲಿ ಜಾಗ, 2012ರಲ್ಲಿ ಮತ್ತೊಂದು. ಗಾಯವೇ, ಬೇರೆ ಕಾರಣವೇ?

ಉತ್ತರ: ಲೆಕ್ಕದ ಪುಸ್ತಕ

ಮೊದಲ ಪ್ರಶ್ನೆಗೆ ನೇರ ಉತ್ತರ: ಮಹಿಳೆಯರ ಒಲಿಂಪಿಕ್ಸ್ ಗೋಲುಗಳು ಸೇರುತ್ತವೆ, ಅಂಡರ್-19 ಗೋಲುಗಳು ಸೇರುವುದಿಲ್ಲ.

ಗಂಡಸರ ಒಲಿಂಪಿಕ್ಸ್ ಫುಟ್‌ಬಾಲ್ 1992ರಿಂದ 23 ವರ್ಷದೊಳಗಿನವರ ಟೂರ್ನಿ. ಹಾಗಾಗಿ ಅಲ್ಲಿ ಹೊಡೆದ ಗೋಲು ಸೀನಿಯರ್ ತಂಡದ ಖಾತೆಗೆ ಹೋಗುವುದಿಲ್ಲ. ಮಹಿಳೆಯರ ಫುಟ್‌ಬಾಲ್ ಒಲಿಂಪಿಕ್ಸ್‌ಗೆ ಬಂದದ್ದೇ 1996ರಲ್ಲಿ, ಅದೂ ವಯಸ್ಸಿನ ಮಿತಿ ಇಲ್ಲದೆ. ಪೂರ್ಣ ರಾಷ್ಟ್ರೀಯ ತಂಡ ಆಡುವುದರಿಂದ ಅರ್ಹತಾ ಪಂದ್ಯವೂ ಮುಖ್ಯ ಟೂರ್ನಿಯೂ ಎರಡೂ ಲೆಕ್ಕಕ್ಕೆ ಬರುತ್ತವೆ. ಗಂಡಸರ ಕೋಷ್ಟಕದ ಅಚ್ಚನ್ನೇ ಎತ್ತಿ ಇಲ್ಲಿ ಹಾಕಿದರೆ ಹತ್ತಾರು ಗೋಲು ಕಾಣೆಯಾಗುತ್ತವೆ. ಹೆಚ್ಚಿನ ತಪ್ಪುಗಳು ಆಗುವುದು ಇಲ್ಲೇ.

ಅಂಡರ್-19 ವಿಷಯ: 2002ರಲ್ಲಿ ಕೆನಡಾದಲ್ಲೇ ನಡೆದ ಫಿಫಾ ಅಂಡರ್-19 ಮಹಿಳಾ ಚಾಂಪಿಯನ್‌ಶಿಪ್‌ನಲ್ಲಿ ಸಿಂಕ್ಲೇರ್ 10 ಗೋಲು ಹೊಡೆದರು. ಅದರಲ್ಲಿ ಐದು ಇಂಗ್ಲೆಂಡ್ ವಿರುದ್ಧದ ಒಂದೇ ಕ್ವಾರ್ಟರ್ ಫೈನಲ್‌ನಲ್ಲಿ. ಟೂರ್ನಿಯ ಅತ್ಯುತ್ತಮ ಆಟಗಾರ್ತಿ, ಅತಿ ಹೆಚ್ಚು ಗೋಲು, ಎರಡೂ ಪ್ರಶಸ್ತಿ ಅವರಿಗೇ ಬಂದವು. ಎಡ್ಮಂಟನ್‌ನ ಕಾಮನ್‌ವೆಲ್ತ್ ಸ್ಟೇಡಿಯಂನಲ್ಲಿ ನಡೆದ ಫೈನಲ್‌ನಲ್ಲಿ ಅಮೆರಿಕ ಹೆಚ್ಚುವರಿ ಸಮಯದ ಗೋಲ್ಡನ್ ಗೋಲಿನಿಂದ (ಮೊದಲು ಗೋಲು ಹೊಡೆದವರಿಗೇ ಅಲ್ಲಿಗೇ ಗೆಲುವು ಎಂಬ ಆಗಿನ ನಿಯಮ) ಗೆದ್ದಿತು. ಈ 10 ಗೋಲುಗಳಿಗೆ ಬೇರೆ ಸಾಲು ಮಾಡಿ, ಒಟ್ಟಿಗೆ ಕೂಡಿಸಬೇಡಿ.

ಇಲ್ಲಿ ಇನ್ನೊಂದು ಎಚ್ಚರಿಕೆ. ಆ ಟೂರ್ನಿ ಆಡುವ ಹೊತ್ತಿಗೆ ಅವರು ಸೀನಿಯರ್ ತಂಡಕ್ಕೆ ಬಂದು ಎರಡು ವರ್ಷ ಆಗಿತ್ತು. 2000ರ ಮಾರ್ಚ್‌ನಲ್ಲಿ ಪೋರ್ಚುಗಲ್‌ನ ಆಲ್ಗಾರ್ವ್ ಕಪ್‌ನಲ್ಲಿ, 16ನೇ ವಯಸ್ಸಿನಲ್ಲಿ, ಚೀನಾ ವಿರುದ್ಧ ಮೊದಲ ಪಂದ್ಯ. ಅದಾಗಿ ಎರಡು ದಿನಕ್ಕೆ ನಾರ್ವೆ ವಿರುದ್ಧ ಮೊದಲ ಗೋಲು. "ಅಂಡರ್-19 ಮುಗಿಸಿ ಸೀನಿಯರ್‌ಗೆ ಬಡ್ತಿ" ಎಂದು ಬರೆದರೆ ಕ್ರಮ ತಲೆಕೆಳಗಾಗುತ್ತದೆ.

ವಿಶ್ವಕಪ್ ಕಾಲಂ ಹೀಗೆ ತುಂಬಿ: 2003ರಲ್ಲಿ 3, 2007ರಲ್ಲಿ 3, 2011ರಲ್ಲಿ 1, 2015ರಲ್ಲಿ 2, 2019ರಲ್ಲಿ 1. ಒಟ್ಟು 10. ಐದು ವಿಶ್ವಕಪ್‌ಗಳಲ್ಲಿ ಗೋಲು ಹೊಡೆದ "ಮೊದಲ" ಆಟಗಾರ್ತಿ ಎಂದು ಬರೆಯಬೇಡಿ. ಬ್ರೆಜಿಲ್‌ನ ಮಾರ್ತಾ ಅದೇ 2019ರ ಟೂರ್ನಿಯಲ್ಲಿ ಒಂದು ವಾರ ಮುಂಚೆಯೇ ಆ ಸಾಲು ದಾಟಿದ್ದರು, ಸಿಂಕ್ಲೇರ್ ಎರಡನೆಯವರು. 2023ರಲ್ಲಿ ಆರನೇ ವಿಶ್ವಕಪ್‌ನಲ್ಲೂ ಗೋಲು ಹೊಡೆಯುವ ಅವಕಾಶವಿತ್ತು. ನೈಜೀರಿಯಾ ವಿರುದ್ಧ ಅವರ ಪೆನಾಲ್ಟಿಯನ್ನು ಗೋಲ್‌ಕೀಪರ್ ಚಿಯಾಮಾಕಾ ನಡೋಜಿ ತಡೆದರು. ಪಂದ್ಯ 0-0.

ದಾಖಲೆ ಮುರಿದ ದಿನ 2020ರ ಜನವರಿ 29, ಟೆಕ್ಸಾಸ್‌ನ ಎಡಿನ್‌ಬರ್ಗ್. ಸ್ಕಾಟ್ಲೆಂಡ್‌ನ ಎಡಿನ್‌ಬರೊ ಅಲ್ಲ, ದಯವಿಟ್ಟು ಗಮನಿಸಿ. ಎದುರಾಳಿ ಸೇಂಟ್ ಕಿಟ್ಸ್ ಅಂಡ್ ನೆವಿಸ್. ಪೆನಾಲ್ಟಿಯಿಂದ 184ನೆಯದು ಹೊಡೆದು ಅಮೆರಿಕದ ಆ್ಯಬಿ ವಾಂಬಾಕ್ ಅವರಿಗೆ ಸಮನಾದರು, ಮೊದಲಾರ್ಧದಲ್ಲೇ 185ನೆಯದು ಬಂತು.

ಉತ್ತರ: ಆಸ್ಟಿನ್ ಟೌನ್ ವಿಂಗರ್

ಎರಡನೇ ಪ್ರಶ್ನೆ ನನಗಿರಲಿ. ದುರ್ಬಲ ತಂಡಗಳ ಮೇಲೆ ಗೋಲು ಹೊಡೆದಿದ್ದಾರೆ, ನಿಜ. ದಾಖಲೆಯ ಗೋಲು ಬಂದ ಪಂದ್ಯವೇ 11-0. ಉತ್ತರ ಮತ್ತು ಮಧ್ಯ ಅಮೆರಿಕ, ಕೆರಿಬಿಯನ್ ಸೇರಿದ ಕಾನ್ಕಕಾಫ್ ವಲಯದ ಅರ್ಹತಾ ಸುತ್ತುಗಳಲ್ಲಿ ಇಂಥ ಅಂತರಗಳು ಇದ್ದೇ ಇರುತ್ತವೆ. ಆದರೆ ಇದೇ ವಲಯದಲ್ಲಿ ಆಡಿದ ಅಮೆರಿಕದವರಿಗೂ ಅದೇ ಎದುರಾಳಿಗಳು ಸಿಕ್ಕಿದ್ದರು. ವಾಂಬಾಕ್ 184, ಮಿಯಾ ಹ್ಯಾಮ್ 158. ಅವರ ಸುತ್ತ ವಿಶ್ವಕಪ್ ಗೆದ್ದ ತಂಡವಿತ್ತು, ಮೈದಾನದ ಎರಡೂ ಅಂಚಿನಿಂದ ಚೆಂಡು ಬರುತ್ತಿತ್ತು. ಕೆನಡಾದಲ್ಲಿ ಆ ಸೌಕರ್ಯ ಬಹುಕಾಲ ಇರಲಿಲ್ಲ.

ಸರಾಸರಿ ನೋಡಿ. ಸಿಂಕ್ಲೇರ್ ಅವರದು ಪಂದ್ಯಕ್ಕೆ 0.57. ಹ್ಯಾಮ್ ಅವರದೂ ಹೆಚ್ಚುಕಮ್ಮಿ ಅಷ್ಟೇ. ವಾಂಬಾಕ್ ಸುಮಾರು 0.72. ಸುನಿಲ್ ಛೆಟ್ರಿ 2024ರ ಜೂನ್‌ನಲ್ಲಿ ಮೊದಲ ಸಲ ವಿದಾಯ ಹೇಳಿದಾಗ 151 ಪಂದ್ಯಕ್ಕೆ 94, ಅಂದರೆ 0.62. ಸರಾಸರಿಯಲ್ಲಿ ಸಿಂಕ್ಲೇರ್ ಮುಂದಿಲ್ಲ. ಲೇಖನದಲ್ಲಿ ಇದನ್ನು ಮುಚ್ಚಿಡಬೇಡಿ, ಕಾರಣದ ಸಮೇತ ಬರೆಯಿರಿ. ಛೆಟ್ರಿ ಪಕ್ಕದಲ್ಲಿ ಇಡುವುದಾದರೆ ಬರೀ ಒಟ್ಟು ಸಂಖ್ಯೆ ಇಡಬೇಡಿ. ಪಂದ್ಯ, ವರ್ಷ, ಆಡಿದ ಜಾಗ ಮೂರನ್ನೂ ಇಡಿ.

ಆಡಿದ ಜಾಗ ಯಾಕೆ ಮುಖ್ಯ? ಇವೆನ್ ಪೆಲ್ಲೆರುಡ್ ಕೋಚ್ ಆಗಿದ್ದ 2008ರವರೆಗಿನ ಕಾಲದಲ್ಲಿ ಕೆನಡಾ ಹಿಂದಿನಿಂದ ಉದ್ದ ಚೆಂಡು ಹೊಡೆದು ನೇರವಾಗಿ ಮುಂದಕ್ಕೆ ಕಳಿಸುವ ಆಟ ಆಡುತ್ತಿತ್ತು. ಸಿಂಕ್ಲೇರ್ ತುತ್ತತುದಿಯ ಸ್ಟ್ರೈಕರ್. ಡಿಫೆಂಡರ್‌ಗಳ ಹಿಂದೆ ಓಡುವುದು, ಎರಡೂ ಕಾಲಿನಲ್ಲಿ ಹೊಡೆಯುವುದು, ತಲೆಯಿಂದ ಹೊಡೆಯುವುದು, ಎಲ್ಲವೂ ಅವರದೇ ಕೆಲಸ. 2011ರ ಕೊನೆಗೆ ಜಾನ್ ಹರ್ಡ್‌ಮನ್ ಕೋಚ್ ಆಗಿ ಬಂದ ಮೇಲೆ ಸಿಂಕ್ಲೇರ್ ಒಂದು ಹೆಜ್ಜೆ ಹಿಂದಕ್ಕೆ, ಸ್ಟ್ರೈಕರ್‌ನ ಬೆನ್ನಿಗೆ ಬಂದರು. 2012ರ ಲಂಡನ್‌ನಲ್ಲಿ ಮುಂದೆ ಮೆಲಿಸ್ಸಾ ಟಾಂಕ್ರೆಡಿ. ಅವರ ಹಿಂದಿನ ಜಾಗದಲ್ಲಿ ಚೆಂಡು ಹಿಡಿದು ತಿರುಗಿ, ಹಂಚಿ, ಆಮೇಲೆ ತಡವಾಗಿ ಪೆನಾಲ್ಟಿ ಬಾಕ್ಸ್‌ಗೆ ನುಗ್ಗುವುದು ಸಿಂಕ್ಲೇರ್ ಕೆಲಸ. ಡಿಫೆಂಡರ್‌ಗಳು ಟಾಂಕ್ರೆಡಿಯನ್ನು ಹಿಡಿದುಕೊಂಡಾಗ ಇವರಿಗೆ ಜಾಗ ಸಿಗುತ್ತಿತ್ತು. ಫಲಿತಾಂಶ: ಆ ವರ್ಷ ದೇಶದ ಪರ 23 ಗೋಲು, ಒಲಿಂಪಿಕ್ಸ್‌ನಲ್ಲಿ 6.

ಆ ಆರನ್ನು ಬಿಡಿಸಿ ನೋಡಿ, ದ್ವೀಪಗಳ ವಾದಕ್ಕೆ ಉತ್ತರ ಅಲ್ಲೇ ಇದೆ. ದಕ್ಷಿಣ ಆಫ್ರಿಕಾ ಮೇಲೆ 2, ಕ್ವಾರ್ಟರ್ ಫೈನಲ್‌ನಲ್ಲಿ ಆತಿಥೇಯ ಬ್ರಿಟನ್ ಮೇಲೆ 1, ಸೆಮಿಫೈನಲ್‌ನಲ್ಲಿ ಅಮೆರಿಕ ಮೇಲೆ 3. ಒಂದೇ ಒಲಿಂಪಿಕ್ಸ್‌ನಲ್ಲಿ 6 ಗೋಲು ಆಗ ಮಹಿಳೆಯರ ದಾಖಲೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನೆದರ್ಲೆಂಡ್ಸ್‌ನ ವಿವಿಯಾನೆ ಮೀಡೆಮಾ 10 ಹೊಡೆಯುವವರೆಗೂ ಅದು ಉಳಿದಿತ್ತು.

ಹಿಂದಕ್ಕೆ ಸರಿದದ್ದರಿಂದ ಆದ ಇನ್ನೊಂದು ಲಾಭ ಆಯುಸ್ಸು. ಮೂವತ್ತು ದಾಟಿದ ಸ್ಟ್ರೈಕರ್‌ಗೆ ಮೊದಲು ಕೈಕೊಡುವುದು ಮೊದಲ ಹತ್ತು ಮೀಟರ್ ಓಟ. ಸ್ಟ್ರೈಕರ್ ಬೆನ್ನಿನ ಜಾಗದಲ್ಲಿ ಆ ಓಟಕ್ಕಿಂತ ಚೆಂಡು ಬರುವ ಮುಂಚೆ ಸುತ್ತ ನೋಡಿಕೊಳ್ಳುವುದು ಮುಖ್ಯ. ಗೋಲಿನ ಸರಾಸರಿ ಇಳಿಯಿತು, ವೃತ್ತಿ ಉದ್ದವಾಯಿತು. 331 ಪಂದ್ಯ ಬಂದದ್ದು ಹೀಗೆ. ಹಾಗಾಗಿ 0.57 ಅನ್ನು ಒಂದೇ ಸಂಖ್ಯೆಯಾಗಿ ಕೊಡುವ ಬದಲು 2011ರ ಮೊದಲು, ಆಮೇಲೆ ಎಂದು ಎರಡು ಭಾಗ ಮಾಡಿ ತೋರಿಸಿದರೆ ಓದುವವರಿಗೆ ಆಟಗಾರ್ತಿ ಕಾಣುತ್ತಾರೆ.

ಉತ್ತರ: ಪೋರ್ಟ್‌ಲ್ಯಾಂಡ್ ಕನ್ನಡಿಗ

ಖಾಲಿ ಜಾಗಕ್ಕೆ ಕಾರಣ ಗಾಯ ಅಲ್ಲ. ಆಡಲು ಲೀಗೇ ಇರಲಿಲ್ಲ.

ಅಮೆರಿಕದ ಮೊದಲ ವೃತ್ತಿಪರ ಮಹಿಳಾ ಲೀಗ್ ಡಬ್ಲ್ಯುಯುಎಸ್‌ಎ 2003ರ ಸೆಪ್ಟೆಂಬರ್‌ನಲ್ಲಿ, ವಿಶ್ವಕಪ್ ಶುರುವಾಗುವ ಹೊಸ್ತಿಲಲ್ಲೇ, ಬಾಗಿಲು ಹಾಕಿತು. ಸಿಂಕ್ಲೇರ್ ಆಗ ಪೋರ್ಟ್‌ಲ್ಯಾಂಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿನಿ. ಅಲ್ಲಿ 2002 ಮತ್ತು 2005ರಲ್ಲಿ ಅಮೆರಿಕದ ಕಾಲೇಜು ಚಾಂಪಿಯನ್‌ಶಿಪ್ ಗೆದ್ದರು. 2005ರ ಒಂದೇ ಸೀಸನ್‌ನಲ್ಲಿ 39 ಗೋಲು, ಕಾಲೇಜು ಮಟ್ಟದ ದಾಖಲೆ. ಶ್ರೇಷ್ಠ ಕಾಲೇಜು ಆಟಗಾರ್ತಿಗೆ ಕೊಡುವ ಹರ್ಮನ್ ಟ್ರೋಫಿ 2004, 2005 ಎರಡೂ ವರ್ಷ ಅವರದೇ. ಇಷ್ಟೆಲ್ಲ ಆಗಿ ಹೊರಬಂದಾಗ ಇಡೀ ಉತ್ತರ ಅಮೆರಿಕದಲ್ಲಿ ಸಂಬಳ ಕೊಡುವ ಪೂರ್ಣ ವೃತ್ತಿಪರ ಲೀಗ್ ಒಂದೂ ಇಲ್ಲ. ಆ ಅವಧಿಯಲ್ಲಿ, ಪೂರ್ಣ ವೃತ್ತಿಪರವಲ್ಲದ ಡಬ್ಲ್ಯು-ಲೀಗ್‌ನಲ್ಲಿ ವ್ಯಾಂಕೂವರ್ ವೈಟ್‌ಕ್ಯಾಪ್ಸ್ ಪರ ಆಡಿ 2006ರ ಪ್ರಶಸ್ತಿ ಗೆದ್ದರು. ಕೋಷ್ಟಕದಲ್ಲಿ ಇದು ಬರಬೇಕು, ಆದರೆ ವೃತ್ತಿಪರ ಲೀಗ್‌ಗಳ ಸಾಲಿನಲ್ಲಿ ಅಲ್ಲ.

ಆಮೇಲಿನದು ಹೀಗಿದೆ. 2009ರಲ್ಲಿ ಡಬ್ಲ್ಯುಪಿಎಸ್ ಎಂಬ ಹೊಸ ಲೀಗ್ ಹುಟ್ಟಿತು. ಎಫ್‌ಸಿ ಗೋಲ್ಡ್ ಪ್ರೈಡ್ ಸೇರಿದರು, 2010ರಲ್ಲಿ ಪ್ರಶಸ್ತಿ. ಗೆದ್ದ ಬೆನ್ನಲ್ಲೇ ಕ್ಲಬ್ ಮುಚ್ಚಿತು. 2011ರಲ್ಲಿ ವೆಸ್ಟರ್ನ್ ನ್ಯೂಯಾರ್ಕ್ ಫ್ಲ್ಯಾಶ್, ಮತ್ತೆ ಪ್ರಶಸ್ತಿ. ಫೈನಲ್ ಪೆನಾಲ್ಟಿ ಶೂಟೌಟ್‌ಗೆ ಹೋಗಿತ್ತು. 2012ರ ಜನವರಿಯಲ್ಲಿ ಲೀಗ್ ಆ ವರ್ಷದ ಸೀಸನ್ ರದ್ದು ಮಾಡಿತು, ಕೆಲವೇ ತಿಂಗಳಲ್ಲಿ ಪೂರ್ತಿ ನಿಂತುಹೋಯಿತು. ನೀವು ಕೇಳಿದ 2012ರ ಖಾಲಿ ಜಾಗ ಇದು. ಗಮನಿಸಿ, ಅವರ ಜೀವಮಾನದ ಶ್ರೇಷ್ಠ ಒಲಿಂಪಿಕ್ಸ್ ಬಂದದ್ದು ಆಡಲು ವೃತ್ತಿಪರ ಲೀಗ್ ಇಲ್ಲದ ವರ್ಷದಲ್ಲಿ.

2013ರಲ್ಲಿ ಎನ್‌ಡಬ್ಲ್ಯುಎಸ್‌ಎಲ್ ಎಂಬ ಮೂರನೇ ಲೀಗ್ ಶುರುವಾಯಿತು. ಎರಡು ಲೀಗ್ ಮುಳುಗಿದ್ದಕ್ಕೆ ಮುಖ್ಯ ಕಾರಣ ಆದಾಯಕ್ಕೆ ಮೀರಿದ ಖರ್ಚು. ಅದಕ್ಕೇ ಈ ಸಲ ಅಮೆರಿಕ, ಕೆನಡಾ, ಮೆಕ್ಸಿಕೊ ಫೆಡರೇಷನ್‌ಗಳು ತಮ್ಮ ರಾಷ್ಟ್ರೀಯ ಆಟಗಾರ್ತಿಯರ ಸಂಬಳವನ್ನು ತಾವೇ ಕೊಟ್ಟು ಕ್ಲಬ್‌ಗಳಿಗೆ ಹಂಚಿದವು. ಸಿಂಕ್ಲೇರ್ ಪೋರ್ಟ್‌ಲ್ಯಾಂಡ್ ಥಾರ್ನ್ಸ್‌ಗೆ ಬಂದದ್ದು ಆ ಹಂಚಿಕೆಯಲ್ಲೇ. ಆದ್ದರಿಂದ "ವರ್ಗಾವಣೆ ಶುಲ್ಕ" ಎಂಬ ಕಾಲಂ ತೆಗೆದುಹಾಕಿ. ಯುರೋಪಿನ ಆಟಗಾರರ ಕೋಷ್ಟಕದಿಂದ ಅದು ಸುಮ್ಮನೆ ಬಂದು ಕೂರುತ್ತದೆ, ಇಲ್ಲಿ ಅದಕ್ಕೆ ಕೆಲಸವಿಲ್ಲ.

ಥಾರ್ನ್ಸ್ ಪ್ರಶಸ್ತಿಗಳಲ್ಲಿ ಜನ ಎಡವುವುದು ಶೀಲ್ಡ್ ಮತ್ತು ಚಾಂಪಿಯನ್‌ಶಿಪ್ ಬೆರೆಸಿ. ನಮ್ಮ ಐಎಸ್‌ಎಲ್‌ನಲ್ಲಿ ಇದ್ದ ಹಾಗೆಯೇ ಇಲ್ಲೂ ಎರಡು ಬೇರೆ. ಲೀಗ್ ಸುತ್ತಿನಲ್ಲಿ ಮೊದಲು ಬಂದವರಿಗೆ ಶೀಲ್ಡ್: 2016, 2021. ಪ್ಲೇಆಫ್ ಫೈನಲ್ ಗೆದ್ದವರು ಚಾಂಪಿಯನ್: 2013, 2017, 2022. 2013ರ ಫೈನಲ್‌ನಲ್ಲಿ ತಮ್ಮ ಹಳೆಯ ಕ್ಲಬ್ ಫ್ಲ್ಯಾಶ್ ವಿರುದ್ಧ 2-0 ಗೆಲುವು, ಕೊನೆಯ ಗೋಲು ಸಿಂಕ್ಲೇರ್ ಅವರದು. 2021ರ ಚಾಲೆಂಜ್ ಕಪ್ ಮೂರನೆಯದೇ ಒಂದು ಟೂರ್ನಿ. ಅದರ ಗೋಲುಗಳನ್ನು ಲೀಗ್ ಗೋಲುಗಳಿಗೆ ಸೇರಿಸಬೇಡಿ. ಕಾಲಂ ಮೂರು ಮಾಡಿ: ಲೀಗ್, ಪ್ಲೇಆಫ್, ಇತರ.

ಇಷ್ಟು ವರ್ಷ ಕೆನಡಾದ ಶ್ರೇಷ್ಠ ಆಟಗಾರ್ತಿ ತನ್ನ ದೇಶದ ವೃತ್ತಿಪರ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ, ಏಕೆಂದರೆ ಅಂಥದ್ದು ಇರಲೇ ಇಲ್ಲ. ಅವರ ಜೊತೆ ಆಡಿದ ಡಯಾನಾ ಮ್ಯಾಥಿಸನ್ ಮುಂದೆ ನಿಂತು ಕಟ್ಟಿದ ನಾರ್ದರ್ನ್ ಸೂಪರ್ ಲೀಗ್ ಆರು ತಂಡಗಳೊಂದಿಗೆ ಶುರುವಾದದ್ದು 2025ರ ಏಪ್ರಿಲ್‌ನಲ್ಲಿ, ಸಿಂಕ್ಲೇರ್ ಆಟ ನಿಲ್ಲಿಸಿದ ಮೇಲೆ. ನನ್ನನ್ನು ಕೇಳಿದರೆ ಲೇಖನದ ಮೊದಲ ಪ್ಯಾರಾದಲ್ಲೇ ಇದು ಬರಬೇಕು. 190 ಎಂಬ ಅಂಕಿಗಿಂತ ಇದು ನನ್ನನ್ನು ಹೆಚ್ಚು ಕಾಡುತ್ತದೆ.

ಮರುಪ್ರಶ್ನೆ: ಮೈದಾನದಂಚು

ಮೂವರಿಗೂ ಧನ್ಯವಾದ. ಕೋಷ್ಟಕವನ್ನು ಪೂರ್ತಿ ಮತ್ತೆ ಹಾಕುತ್ತೇನೆ. ಇನ್ನೊಂದೇ ವಿಷಯ: 2012ರ ಸೆಮಿಫೈನಲ್‌ನಲ್ಲಿ ಹ್ಯಾಟ್ರಿಕ್ ಹೊಡೆದೂ ಸೋತದ್ದಕ್ಕೆ "ರೆಫ್ರಿ ತಪ್ಪು" ಎಂದು ಎಲ್ಲರೂ ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. ನಿಯಮದ ಪ್ರಕಾರ ಏನಾಯಿತು?

ಉತ್ತರ: ಲೈನ್ಸ್‌ಮನ್

2012ರ ಆಗಸ್ಟ್ 6, ಮ್ಯಾಂಚೆಸ್ಟರ್‌ನ ಓಲ್ಡ್ ಟ್ರಾಫರ್ಡ್. ಗೋಲುಗಳ ಕ್ರಮ: ಸಿಂಕ್ಲೇರ್ 22ನೇ ನಿಮಿಷ, ಅಮೆರಿಕದ ಮೇಗನ್ ರಪಿನೊ 54 (ಕಾರ್ನರ್ ಕಿಕ್ ನೇರವಾಗಿ ಬಲೆಗೆ), ಸಿಂಕ್ಲೇರ್ 67, ರಪಿನೊ 70, ಸಿಂಕ್ಲೇರ್ 73. ಕೆನಡಾ 3-2 ಮುಂದೆ. ಮೂರು ಸಲ ಮುನ್ನಡೆ, ಮೂರನ್ನೂ ಒಬ್ಬರೇ ತಂದುಕೊಟ್ಟದ್ದು.

ವಿವಾದ ಸುಮಾರು 78ನೇ ನಿಮಿಷದ್ದು. ಕೆನಡಾ ಗೋಲ್‌ಕೀಪರ್ ಎರಿನ್ ಮೆಕ್‌ಲಿಯಡ್ ಚೆಂಡನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದರು. ಆಗಿನ ನಿಯಮದಂತೆ ಕೀಪರ್ ಆರು ಸೆಕೆಂಡಿಗಿಂತ ಹೆಚ್ಚು ಹೊತ್ತು ಚೆಂಡು ಕೈಯಲ್ಲಿಟ್ಟುಕೊಂಡರೆ ಎದುರಾಳಿಗೆ ಇನ್‌ಡೈರೆಕ್ಟ್ ಫ್ರೀ ಕಿಕ್. ವಾಂಬಾಕ್ ರೆಫ್ರಿಯ ಕಿವಿಗೆ ಬೀಳುವಂತೆ ಗಟ್ಟಿಯಾಗಿ ಸೆಕೆಂಡು ಎಣಿಸುತ್ತಿದ್ದರು. ನಾರ್ವೆಯ ರೆಫ್ರಿ ಕ್ರಿಸ್ಟಿನಾ ಪೆಡರ್ಸನ್ ಸೀಟಿ ಊದಿದರು.

ಈಗ ಸರಪಳಿ ನೋಡಿ. ಇನ್‌ಡೈರೆಕ್ಟ್ ಫ್ರೀ ಕಿಕ್‌ನಿಂದ ನೇರವಾಗಿ ಗೋಲು ಹೊಡೆಯುವಂತಿಲ್ಲ, ಇನ್ನೊಬ್ಬರಿಗೆ ತಾಗಬೇಕು. ಅದು ಪೆನಾಲ್ಟಿ ಬಾಕ್ಸ್ ಒಳಗೇ ಸಿಕ್ಕಿದ್ದರಿಂದ ಕೆನಡಾದ ಆಟಗಾರ್ತಿಯರೆಲ್ಲ ಹತ್ತಿರದಲ್ಲೇ ಗೋಡೆ ಕಟ್ಟಿದ್ದರು. ರಪಿನೊ ಹೊಡೆದ ಚೆಂಡು ಮೇರಿ-ಈವ್ ನೋ ಅವರ ತೋಳಿಗೆ ತಾಗಿತು. ಹ್ಯಾಂಡ್‌ಬಾಲ್, ಪೆನಾಲ್ಟಿ. 80ನೇ ನಿಮಿಷದಲ್ಲಿ ವಾಂಬಾಕ್ ಹೊಡೆದು 3-3. ಹೆಚ್ಚುವರಿ ಸಮಯವೂ ಮುಗಿದು, ಅದರ ಮೇಲಿನ ಮೂರನೇ ನಿಮಿಷದಲ್ಲಿ ಅಲೆಕ್ಸ್ ಮಾರ್ಗನ್ ತಲೆಯಿಂದ 4-3.

ಆರು ಸೆಕೆಂಡು ಮೀರಿತ್ತೇ? ಮೀರಿತ್ತು. ಅಕ್ಷರದ ಪ್ರಕಾರ ತೀರ್ಪು ನಿಯಮದೊಳಗೇ ಇದೆ. ಆದರೆ ಆ ಕಾಲದಲ್ಲಿ ಯಾವ ರೆಫ್ರಿಯೂ ಇದನ್ನು ಹೆಚ್ಚುಕಡಿಮೆ ಜಾರಿ ಮಾಡುತ್ತಿರಲಿಲ್ಲ. ಮಾತಿನಲ್ಲಿ ಎಚ್ಚರಿಸಿ ಬಿಡುವುದು ರೂಢಿ. ಅಪರಾಧ ಚಿಕ್ಕದು, ಶಿಕ್ಷೆ ಗೋಲಿನ ಬಾಯಲ್ಲಿ ಫ್ರೀ ಕಿಕ್. ಈ ಅಸಮತೋಲನದಿಂದಲೇ ರೆಫ್ರಿಗಳು ನಿಯಮವನ್ನು ಬಳಸಲು ಹಿಂಜರಿಯುತ್ತಿದ್ದರು. 2025ರ ಜುಲೈಯಿಂದ ನಿಯಮವೇ ಬದಲಾಗಿದೆ: ಮಿತಿ ಎಂಟು ಸೆಕೆಂಡು, ಕೊನೆಯ ಐದನ್ನು ರೆಫ್ರಿ ಕೈಯೆತ್ತಿ ಬೆರಳಲ್ಲಿ ಎಣಿಸಬೇಕು, ಮೀರಿದರೆ ಎದುರಾಳಿಗೆ ಕಾರ್ನರ್. ಲೇಖನದಲ್ಲಿ "ರೆಫ್ರಿ ಸುಳ್ಳು ತೀರ್ಪು ಕೊಟ್ಟರು" ಎನ್ನಬೇಡಿ. "ಅಪರೂಪಕ್ಕೂ ಬಳಸದ ನಿಯಮವನ್ನು ಸೆಮಿಫೈನಲ್‌ನಲ್ಲಿ ಬಳಸಿದರು" ಎಂದರೆ ಸರಿ. ಪಂದ್ಯದ ಬಳಿಕ ರೆಫ್ರಿ ಬಗ್ಗೆ ನಡೆದುಕೊಂಡ ರೀತಿಗೆ ಫಿಫಾ ಸಿಂಕ್ಲೇರ್ ಅವರಿಗೆ ನಾಲ್ಕು ಪಂದ್ಯಗಳ ನಿಷೇಧ ಹಾಕಿತು. ಅದನ್ನೂ ಬರೆಯಿರಿ.

ಮೂರು ದಿನ ಬಿಟ್ಟು ಕಾವೆಂಟ್ರಿಯಲ್ಲಿ ಫ್ರಾನ್ಸ್ ವಿರುದ್ಧ ಕಂಚಿನ ಪಂದ್ಯ. ಫ್ರಾನ್ಸ್ ಪೂರ್ತಿ ಮೇಲುಗೈ ಸಾಧಿಸಿತ್ತು, ಚೆಂಡು ಗೋಲ್ ಕಂಬಕ್ಕೂ ಬಡಿದಿತ್ತು. 90 ನಿಮಿಷ ಕಳೆದ ಮೇಲೆ ಮ್ಯಾಥಿಸನ್ ಗೋಲು, 1-0.

ಉತ್ತರ: ಆಸ್ಟಿನ್ ಟೌನ್ ವಿಂಗರ್

ಲೈನ್ಸ್‌ಮನ್ ಅವರ ವಿವರ ಅಚ್ಚುಕಟ್ಟು. ಆದರೆ ಲೇಖನದ ತೂಕವೆಲ್ಲ 2012ರ ಸೋಲಿನ ಮೇಲೆ ಬೀಳದಿರಲಿ ಅಂತ ನನ್ನ ಕೋರಿಕೆ. 2016ರ ರಿಯೊದಲ್ಲಿ ಆತಿಥೇಯ ಬ್ರೆಜಿಲ್ ವಿರುದ್ಧ 2-1 ಗೆದ್ದು ಮತ್ತೆ ಕಂಚು, ಒಂದು ಗೋಲು ಅವರದು. ಆಮೇಲೆ ಟೋಕಿಯೊ ಚಿನ್ನ.

ಟೋಕಿಯೊದಲ್ಲಿ ಇಡೀ ಟೂರ್ನಿಗೆ ಸಿಂಕ್ಲೇರ್ ಹೊಡೆದದ್ದು ಒಂದೇ ಗೋಲು, ಜಪಾನ್ ವಿರುದ್ಧ ಮೊದಲ ಪಂದ್ಯದಲ್ಲಿ. ಅಮೆರಿಕ ವಿರುದ್ಧದ ಸೆಮಿಫೈನಲ್‌ನಲ್ಲಿ ಪೆನಾಲ್ಟಿ ಸಿಕ್ಕಾಗ ನಾಯಕಿಯೇ ಚೆಂಡು ಎತ್ತಿಕೊಂಡು ಜೆಸ್ಸಿ ಫ್ಲೆಮಿಂಗ್ ಕೈಗೆ ಕೊಟ್ಟರು. 1-0. ಅಮೆರಿಕವನ್ನು ಕೆನಡಾ ಸೋಲಿಸಿದ್ದು 2001ರ ನಂತರ ಅದೇ ಮೊದಲು. ಆಗಸ್ಟ್ 6ರ ಫೈನಲ್‌ನಲ್ಲಿ, ಅಂದರೆ ಓಲ್ಡ್ ಟ್ರಾಫರ್ಡ್ ಸೋಲಿಗೆ ಸರಿಯಾಗಿ ಒಂಬತ್ತು ವರ್ಷಕ್ಕೆ, ಸ್ವೀಡನ್ 1-0 ಮುಂದಿತ್ತು. ಬಾಕ್ಸ್ ಒಳಗೆ ಸಿಂಕ್ಲೇರ್ ಅವರನ್ನು ಬೀಳಿಸಿದರು, ರೆಫ್ರಿ ವಿಡಿಯೊ ನೋಡಿ ಪೆನಾಲ್ಟಿ ಕೊಟ್ಟರು, ಫ್ಲೆಮಿಂಗ್ 67ನೇ ನಿಮಿಷದಲ್ಲಿ 1-1 ಮಾಡಿದರು. 86ನೇ ನಿಮಿಷಕ್ಕೆ ಸಿಂಕ್ಲೇರ್ ಹೊರಬಂದರು. ಶೂಟೌಟ್ 3-2, ಗೆಲುವಿನ ಕಿಕ್ ಜೂಲಿಯಾ ಗ್ರೋಸೊ ಅವರದು. ಗೋಲಿನ ಕಾಲಂ ಮಾತ್ರ ನೋಡುವವರಿಗೆ ಆ ಫೈನಲ್‌ನಲ್ಲಿ ಸಿಂಕ್ಲೇರ್ ಕಾಣುವುದೇ ಇಲ್ಲ. ಸಮಬಲದ ಗೋಲಿನ ಪೆನಾಲ್ಟಿ ಗಳಿಸಿಕೊಟ್ಟದ್ದು ಅವರು ಎಂದು ಟಿಪ್ಪಣಿ ಹಾಕಿ.

ಉತ್ತರ: ಲೆಕ್ಕದ ಪುಸ್ತಕ

ಕೊನೆಯ ಕಾಲಂ ಬಗ್ಗೆ ಒಂದು ಮಾತು. ನಿವೃತ್ತಿಗೆ ಎರಡು ತಾರೀಖು ಬೇಕು. ದೇಶದ ಪರ ಕೊನೆಯ ಪಂದ್ಯ 2023ರ ಡಿಸೆಂಬರ್ 5, ವ್ಯಾಂಕೂವರ್‌ನ ಬಿಸಿ ಪ್ಲೇಸ್, ಎದುರಾಳಿ ಆಸ್ಟ್ರೇಲಿಯಾ, 1-0 ಗೆಲುವು. ಆ ದಿನದ ಮಟ್ಟಿಗೆ ಕ್ರೀಡಾಂಗಣಕ್ಕೆ ಅವರದೇ ಹೆಸರಿಟ್ಟಿದ್ದರು, ಹಾಗಾಗಿ ಕೆಲವು ವರದಿಗಳಲ್ಲಿ ಸ್ಥಳ "ಕ್ರಿಸ್ಟೀನ್ ಸಿಂಕ್ಲೇರ್ ಪ್ಲೇಸ್" ಎಂದಿರುತ್ತದೆ. ಎರಡೂ ಒಂದೇ ಮೈದಾನ. ಕ್ಲಬ್ ಆಟ ಮುಗಿದದ್ದು 2024ರ ನವೆಂಬರ್‌ನಲ್ಲಿ, ಪ್ಲೇಆಫ್‌ನಲ್ಲಿ ಗೋಥಮ್ ಕ್ಲಬ್ ವಿರುದ್ಧ ಥಾರ್ನ್ಸ್ ಸೋತಾಗ. 190ನೇ ಗೋಲು ಇದಕ್ಕೆಲ್ಲ ಮುಂಚಿನದು, 2022ರದ್ದು. "ವಿದಾಯ ಪಂದ್ಯದಲ್ಲಿ 190ನೇ ಗೋಲು" ಎಂದು ಬರೆಯಲು ಕೈ ಹೋದರೆ ತಡೆಯಿರಿ.

ಮತ್ತೆ, 2023ರ ಮಾರ್ಚ್‌ನಲ್ಲಿ ಕೆನಡಾ ಸಂಸತ್ತಿನ ಸಮಿತಿಯ ಮುಂದೆ ಸಮಾನ ವೇತನದ ಬಗ್ಗೆ ಸಹ ಆಟಗಾರ್ತಿಯರೊಂದಿಗೆ ಅವರು ಕೊಟ್ಟ ಸಾಕ್ಷ್ಯಕ್ಕೆ ಒಂದು ಪ್ಯಾರಾ ಇಡಿ. ಪೋರ್ಟ್‌ಲ್ಯಾಂಡ್ ಕನ್ನಡಿಗರು ಹೇಳಿದ ಲೀಗ್ ವಿಷಯದ ಕೆಳಗೆ ಹಾಕಿದರೆ ಎರಡೂ ಕೂಡಿಕೊಳ್ಳುತ್ತವೆ.